ಮನ್ಯಾಗ, ಹೊಲದಾಗ, ಊರಾಗ: ಪದ ಬಿಡಿಸುವ ಯಂತ್ರದ ಪರಿಚಯ

ಶಿಗ್ಗಾಂವಿಗೆ, ಸವಣೂರಿಗೆ, ಬಂಕಾಪುರಕ್ಕೆ. ಮೂರೂ ಹಾವೇರಿ ಜಿಲ್ಲೆಯ ಊರುಗಳು, ಮೂರಕ್ಕೂ ಹತ್ತಿರುವುದು ಚತುರ್ಥಿ ವಿಭಕ್ತಿಯೇ. ಆದರೂ ಒಂದಕ್ಕೆ ‘ಗೆ’, ಇನ್ನೊಂದಕ್ಕೆ ‘ಇಗೆ’, ಮತ್ತೊಂದಕ್ಕೆ ‘ಕ್ಕೆ’. ಶಿಗ್ಗಾಂವಿ ಸೀಮೆಯ ಹಿರೇಬೆಂಡಿಗೇರಿ ಎಂಬ ಊರಿನ ಅಂಗನವಾಡಿಗೆ ಹೋಗುವ ಮಗು ಕೂಡ ‘ಶಿಗ್ಗಾಂವಿಕ್ಕೆ’ ಎಂದು ಬಾಯಿ ತಪ್ಪಿಯೂ ಅನ್ನುವುದಿಲ್ಲ. ಯಾರೂ ಕಲಿಸದೆ ನಾಲಿಗೆಗೆ ಬಂದಿರುವ ಈ ಲೆಕ್ಕಾಚಾರ ಎಷ್ಟು ಸೂಕ್ಷ್ಮವಾದದ್ದು ಎಂಬುದು ಗೊತ್ತಾಗುವುದು ಅದನ್ನು ಕಂಪ್ಯೂಟರಿಗೆ ಹೇಳಿಕೊಡಲು ಕೂತಾಗ.

ಕಂಪ್ಯೂಟರಿನ ಮಟ್ಟಿಗೆ ಪದವೆಂದರೆ ಎರಡು ಖಾಲಿ ಜಾಗಗಳ ನಡುವಿನ ಅಕ್ಷರಗಳ ಸಾಲು, ಅಷ್ಟೇ. ‘ಕೆರೆ’, ‘ಕೆರೆಗೆ’, ‘ಕೆರೆಯಲ್ಲಿಯೂ’, ‘ಕೆರೆಗಳಿಂದಲೇ’ ಎಲ್ಲವೂ ಅದಕ್ಕೆ ಬೇರೆ ಬೇರೆ ಪದಗಳು. ಇಂಗ್ಲಿಷಿನಲ್ಲಿ ಒಂದು ನಾಮಪದಕ್ಕೆ ಎರಡು-ಮೂರು ರೂಪ ಇದ್ದರೆ ಹೆಚ್ಚು. ಕನ್ನಡದಲ್ಲಿ ಲೆಕ್ಕ ಹಾಕಿ ನೋಡಿ: ಎರಡು ವಚನ, ಏಳು ವಿಭಕ್ತಿ, ಆಮೇಲೆ ‘ಊ, ಏ, ಓ, ಆ’ ಎಂಬ ಬಾಲಗಳು. ಇಷ್ಟಕ್ಕೇ 70 ರೂಪಗಳಾದವು. ಬಾಲದ ಮೇಲೆ ಬಾಲ ಸೇರಿದರೆ ಇನ್ನೂ ಹೆಚ್ಚು. ಕ್ರಿಯಾಪದದ ಕಥೆ ಕೇಳುವುದೇ ಬೇಡ. ‘ಮಾಡಿಸಿಕೊಳ್ಳಬೇಕಾಗಿತ್ತು’ ಎಂಬ ಒಂದೇ ಪದದೊಳಗೆ ಮಾಡು, ಇಸು, ಕೊಳ್ಳು, ಬೇಕು, ಆಗು, ಇತ್ತು ಎಂದು ಆರು ಮಂದಿ ಒತ್ತಿಕೊಂಡು ಕೂತಿದ್ದಾರೆ. ಇವನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ ಕಂಪ್ಯೂಟರಿಗೆ ಉಣಿಸುವುದು ಆಗದ ಕೆಲಸ. ಪದವನ್ನು ಬಿಡಿಸಿ ‘ಇದು ಪ್ರಕೃತಿ, ಇದು ಪ್ರತ್ಯಯ, ಇವು ಕೂಡುವಲ್ಲಿ ಹೀಗಾಯಿತು’ ಎಂದು ಹೇಳಬಲ್ಲ ಯಂತ್ರ ಬೇಕು. ಇದನ್ನು ಪದವಿಶ್ಲೇಷಕ ಅಥವಾ ರೂಪವಿಶ್ಲೇಷಕ ಎನ್ನುತ್ತಾರೆ.

ಇಂಥ ಯಂತ್ರವನ್ನು ಕಟ್ಟುವ ಸಲಕರಣೆಗಳು ಇಂದು ಪುಕ್ಕಟೆ ಸಿಗುತ್ತವೆ. ವಿಶ್ವವಿದ್ಯಾಲಯಗಳಲ್ಲಿ ಭಾಷಾವಿಜ್ಞಾನಿಗಳು ತಮ್ಮ ಕೆಲಸಕ್ಕೆಂದು ಮಾಡಿಕೊಂಡು, ಲೋಕಕ್ಕೆಲ್ಲ ಹಂಚಿದ ತಂತ್ರಾಂಶಗಳು ಇವು. ಇವುಗಳ ಕಸುಬುಗಾರಿಕೆ ಎಂಥದ್ದು, ಕನ್ನಡಕ್ಕೆ, ಅದರಲ್ಲೂ ಹಾನಗಲ್ಲು-ಶಿಗ್ಗಾಂವಿ-ಸವಣೂರು-ಹಿರೇಕೆರೂರು ಸೀಮೆಯ ಆಡುಮಾತಿಗೆ, ಅದು ಹೇಗೆ ಹೊಂದುತ್ತದೆ ಎಂಬುದನ್ನು ಸಾವಕಾಶ ನೋಡೋಣ.

ಹೆಲ್ಸಿಂಕಿಯಿಂದ ಬಂದ ಹೊಳಹು

1983ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಕಿಮ್ಮೊ ಕೊಸ್ಕೆನಿಯೆಮಿ ಎಂಬ ಸಂಶೋಧಕ ಒಂದು ಪ್ರೌಢಪ್ರಬಂಧ ಸಲ್ಲಿಸಿದ. ಫಿನ್ನಿಶ್ ಕೂಡ ಕನ್ನಡದ ಹಾಗೆ ಪ್ರತ್ಯಯಗಳನ್ನು ಸಾಲಾಗಿ ಪೋಣಿಸಿಕೊಳ್ಳುವ ಭಾಷೆ. ಅಲ್ಲಿ ಹದಿನೈದು ವಿಭಕ್ತಿಗಳಿವೆ. ಅದುವರೆಗೆ ಭಾಷಾವಿಜ್ಞಾನಿಗಳು ಸಂಧಿಯಂಥ ಬದಲಾವಣೆಗಳನ್ನು ಒಂದರ ಮೇಲೊಂದು ನಿಯಮ ಹಚ್ಚುತ್ತ ವಿವರಿಸುತ್ತಿದ್ದರು. ಮೊದಲ ನಿಯಮದ ಫಲಕ್ಕೆ ಎರಡನೆಯದು, ಅದರ ಫಲಕ್ಕೆ ಮೂರನೆಯದು ಎಂದು. ಮೂಲದಿಂದ ಪದದ ಕಡೆಗೆ ಹೋಗುವಾಗ ಇದು ಸಲೀಸು. ಪದದಿಂದ ಮೂಲಕ್ಕೆ ಹಿಂತಿರುಗುವಾಗ ಮಾತ್ರ ಪ್ರತಿ ಮೆಟ್ಟಿಲಿನಲ್ಲೂ ಹತ್ತಾರು ಸಾಧ್ಯತೆಗಳು ಬಾಯಿ ತೆರೆದು ಲೆಕ್ಕ ಕೈಮೀರುತ್ತಿತ್ತು.

ಕೊಸ್ಕೆನಿಯೆಮಿ ಮಾಡಿದ್ದು ಇಷ್ಟು: ನಡುವಿನ ಮೆಟ್ಟಿಲುಗಳನ್ನೆಲ್ಲ ತೆಗೆದುಹಾಕಿ ಎರಡೇ ಸಾಲು ಉಳಿಸಿದ. ಮೇಲಿನ ಸಾಲಿನಲ್ಲಿ ಪ್ರಕೃತಿ-ಪ್ರತ್ಯಯ ಬಿಡಿಬಿಡಿಯಾಗಿ, ಕೆಳಗಿನ ಸಾಲಿನಲ್ಲಿ ನಾವು ಆಡುವ ಪದ. ಎರಡೂ ಸಾಲುಗಳ ಅಕ್ಷರಗಳನ್ನು ಜೋಡಿ ಜೋಡಿಯಾಗಿ ಎದುರುಬದುರು ನಿಲ್ಲಿಸಿದ. ಯಾವ ಜೋಡಿ ಎಲ್ಲಿ ನಿಲ್ಲಬಹುದು ಎಂದು ಹೇಳುವುದಷ್ಟೇ ನಿಯಮಗಳ ಕೆಲಸ. ಎಲ್ಲ ನಿಯಮಗಳೂ ಏಕಕಾಲಕ್ಕೆ ಕಾವಲು ಕಾಯುತ್ತವೆ. ಇದರಲ್ಲಿ ಹೋಗುವ ದಾರಿ, ಬರುವ ದಾರಿ ಎಂಬ ಭೇದವಿಲ್ಲ. ಮೇಲಿನ ಸಾಲು ಕೊಟ್ಟರೆ ಕೆಳಗಿನದು ಬರುತ್ತದೆ, ಕೆಳಗಿನದು ಕೊಟ್ಟರೆ ಮೇಲಿನದು.

ಕನ್ನಡ ಶಾಲೆಯಲ್ಲಿ ಕಲಿತವರಿಗೆ ಇದು ಹೊಸತಾಗಿ ಕಾಣುವುದಿಲ್ಲ. ಲೋಪ, ಆಗಮ, ಆದೇಶ ಎಂದು ನಾವು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ ಇಲ್ಲಿ ಮೂರು ಬಗೆಯ ಜೋಡಿಗಳಾಗಿವೆ. ಇಲ್ಲದ ಅಕ್ಷರಕ್ಕೆ ಸೊನ್ನೆ ಎಂಬ ಗುರುತು ಇಟ್ಟುಕೊಳ್ಳಿ. ‘ಮನೆ’ಗೆ ‘ಅಲ್ಲಿ’ ಸೇರಿದಾಗ ಎರಡು ಸಾಲುಗಳು ಹೀಗೆ ನಿಲ್ಲುತ್ತವೆ:

ಮೇಲೆ: ಮ್ ಅ ನ್ ಎ + 0 ಅ ಲ್ ಲ್ ಇ
ಕೆಳಗೆ: ಮ್ ಅ ನ್ ಎ 0 ಯ್ ಅ ಲ್ ಲ್ ಇ

ಮೇಲೆ ಸೊನ್ನೆ, ಕೆಳಗೆ ‘ಯ್’. ಇದೇ ಆಗಮ. ‘ಊರು’ ಮತ್ತು ‘ಅಲ್ಲಿ’ ಕೂಡಿದರೆ:

ಮೇಲೆ: ಊ ರ್ ಉ + ಅ ಲ್ ಲ್ ಇ
ಕೆಳಗೆ: ಊ ರ್ 0 0 ಅ ಲ್ ಲ್ ಇ

ಮೇಲೆ ‘ಉ’, ಕೆಳಗೆ ಸೊನ್ನೆ. ಇದು ಲೋಪ. ಮಳೆ, ಕಾಲ ಸೇರಿ ‘ಮಳೆಗಾಲ’ ಆದಾಗ ಮೇಲೆ ‘ಕ್’, ಕೆಳಗೆ ‘ಗ್’. ಇದು ಆದೇಶ. ಊರ ಹೆಸರುಗಳ ಕೊನೆಯ ‘ಗೇರಿ’ಯಲ್ಲಿ ಕೇರಿಯನ್ನೂ ‘ಗೆರೆ’ಯಲ್ಲಿ ಕೆರೆಯನ್ನೂ ಗುರುತಿಸುವುದು ಇದೇ ಜೋಡಿಯಿಂದ. ಫಿನ್‌ಲೆಂಡಿನ ಪಂಡಿತ ಗಣಿತದ ಭಾಷೆಯಲ್ಲಿ ಬರೆದದ್ದನ್ನು ನಮ್ಮ ಮೇಷ್ಟ್ರುಗಳು ಕರಿಹಲಗೆಯ ಮೇಲೆ ‘ಮನೆ + ಅಲ್ಲಿ = ಮನೆಯಲ್ಲಿ’ ಎಂದು ಬರೆಯುತ್ತ ಬಂದಿದ್ದಾರೆ.

ಎರಡು ಕಡತಗಳ ವ್ಯಾಕರಣ

ಈ ಹೊಳಹನ್ನು ಸಾಮಾನ್ಯ ಸಂಶೋಧಕರ ಮೇಜಿಗೆ ತಂದದ್ದು ಪಿಸಿ-ಕಿಮ್ಮೊ ಎಂಬ ತಂತ್ರಾಂಶ. ಕೊಸ್ಕೆನಿಯೆಮಿಯ ಮೊದಲ ಹೆಸರೇ ಅದರ ಹೆಸರಿನಲ್ಲೂ ಇದೆ. ಸಮ್ಮರ್ ಇನ್‌ಸ್ಟಿಟ್ಯೂಟ್ ಆಫ್ ಲಿಂಗ್ವಿಸ್ಟಿಕ್ಸ್ ಸಂಸ್ಥೆಯ ಇವಾನ್ ಆಂಟ್‌ವರ್ತ್ ಇದರ ಪುಸ್ತಕವನ್ನು 1990ರಲ್ಲಿ ಹೊರತಂದ. ತಂತ್ರಾಂಶದ ಡಿಸ್ಕು ಪುಸ್ತಕದ ಜೊತೆಗೇ ಬರುತ್ತಿತ್ತು. ಲಿಪಿಯೇ ಇಲ್ಲದ ಭಾಷೆಗಳ ನಡುವೆ ಕೂತು ಕೆಲಸ ಮಾಡುವವರು ಆ ಸಂಸ್ಥೆಯ ಜನ. ದೊಡ್ಡ ಗಣಕಯಂತ್ರಗಳಲ್ಲಿ ಮಾತ್ರ ನಡೆಯುತ್ತಿದ್ದ ಕೆಲಸವನ್ನು ಅವರು ಡಾಸ್ ಓಡುವ ಸಣ್ಣ ಪಿಸಿಗೆ ಇಳಿಸಿದರು.

ಅದರ ರಚನೆ ನೋಡಿದರೆ ತಲೆದೂಗಬೇಕು. ಬಳಸುವವರು ಮುಖ್ಯವಾಗಿ ಎರಡು ಕಡತ ಬರೆಯಬೇಕು: ಒಂದು ನಿಯಮಗಳದ್ದು, ಇನ್ನೊಂದು ಪದಕೋಶದ್ದು. ತಂತ್ರಾಂಶದ ಹೊಟ್ಟೆಯಲ್ಲಿ ಯಾವ ಭಾಷೆಯೂ ಇಲ್ಲ. ಭಾಷೆಯೆಲ್ಲ ಆ ಎರಡು ಕಡತಗಳಲ್ಲಿ. ಕಡತ ಬದಲಿಸಿದರೆ ಅದೇ ಯಂತ್ರ ಇನ್ನೊಂದು ಭಾಷೆಯ ಪದ ಬಿಡಿಸುತ್ತದೆ. ವ್ಯಾಕರಣ ಬರೆಯುವವರಿಗೆ ಪ್ರೋಗ್ರಾಂ ಬರೆಯಲು ಬರಬೇಕಾಗಿಲ್ಲ.

ಈ ಕಟ್ಟಡ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಎದ್ದಿತ್ತು. ಪಾಣಿನಿಯ ಅಷ್ಟಾಧ್ಯಾಯಿಯ ಸೂತ್ರಗಳ ಜೊತೆಗೆ ಧಾತುಪಾಠ, ಗಣಪಾಠ ಎಂಬ ಪಟ್ಟಿಗಳಿವೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡದ ನಿಯಮಗಳನ್ನು ಕಂದಪದ್ಯಗಳಲ್ಲಿ ಹೇಳಿ, ಧಾತುಗಳ ಪಟ್ಟಿಯನ್ನೂ ಕೊಟ್ಟಿದ್ದಾನೆ. 1604ರಲ್ಲಿ ಭಟ್ಟಾಕಳಂಕ ಕರ್ಣಾಟಕ ಶಬ್ದಾನುಶಾಸನವನ್ನು 592 ಸೂತ್ರಗಳಲ್ಲಿ ಮುಗಿಸಿದ. ನಿಯಮ ಒಂದು ಕಡೆ, ಪಟ್ಟಿ ಒಂದು ಕಡೆ. ನಿಯಮಕ್ಕೆ ಒಗ್ಗುವುದನ್ನು ನಿಯಮದಿಂದ ಹೇಳಬೇಕು, ಒಗ್ಗದ್ದನ್ನು ಹೆಸರು ಹಿಡಿದು ಪಟ್ಟಿಗೆ ಸೇರಿಸಬೇಕು. ಎಷ್ಟು ಕಡಿಮೆ ಮಾತಿನಲ್ಲಿ ಎಷ್ಟು ಹೆಚ್ಚು ಪದಗಳನ್ನು ಹಿಡಿಯಬಹುದು ಎಂಬ ಪಂದ್ಯದಲ್ಲಿ ಸೂತ್ರಕಾರ ಮತ್ತು ಇಂದಿನ ತಂತ್ರಾಂಶ ಬಳಸುವವರು ಒಂದೇ ಕಣದಲ್ಲಿದ್ದಾರೆ.

ಪಿಸಿ-ಕಿಮ್ಮೊ ನಂತರ ಬಂದವುಗಳಲ್ಲಿ ಫೋಮ, ಎಚ್‌ಎಫ್‌ಎಸ್‌ಟಿ ಎಂಬ ಎರಡು ಹೆಸರು ನೆನಪಿಡುವಂಥವು. ಫೋಮವನ್ನು ಮಾನ್ಸ್ ಹುಲ್ಡೆನ್ 2009ರಲ್ಲಿ ಪ್ರಕಟಿಸಿದ. ಅದಕ್ಕೂ ಮೊದಲು ಝೆರಾಕ್ಸ್ ಕಂಪನಿಯ ಸಂಶೋಧಕರು ಇಂಥದೇ ಶಕ್ತಿಶಾಲಿ ಸಲಕರಣೆ ಮಾಡಿದ್ದರು, ಆದರೆ ಅದರ ಪರವಾನಗಿಗೆ ಕಟ್ಟುಪಾಡುಗಳಿದ್ದವು. ಹುಲ್ಡೆನ್ ಅದೇ ಬರವಣಿಗೆಯ ಕ್ರಮವನ್ನು ಇಟ್ಟುಕೊಂಡು ಯಂತ್ರವನ್ನು ಹೊಸದಾಗಿ ಬರೆದು ಮುಕ್ತವಾಗಿ ಕೊಟ್ಟ. ಅಲ್ಲಿ ಬರೆದ ವ್ಯಾಕರಣ ಇಲ್ಲಿಯೂ ನಡೆಯುತ್ತದೆ. ಎಚ್‌ಎಫ್‌ಎಸ್‌ಟಿ ಹೆಲ್ಸಿಂಕಿಯದೇ. ಎರಡೂ ಯೂನಿಕೋಡ್ ಬಲ್ಲವು. ಯಾವುದನ್ನು ಇಳಿಸಿಕೊಂಡರೂ ದುಡ್ಡು ಕೊಡಬೇಕಾಗಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ, ಇಳಿಸಿಕೊಂಡ ಮೇಲೆ ಇಂಟರ್‌ನೆಟ್ಟಿನ ಹಂಗೂ ಇಲ್ಲ.

ಇವುಗಳ ಒಳಗಿರುವುದು ಒಂದು ಜಾಲ. ಹುಬ್ಬಳ್ಳಿಯಿಂದ ಹೊರಟ ಬಸ್ಸು ಶಿಗ್ಗಾಂವಿ, ಬಂಕಾಪುರ ಮುಟ್ಟಿ ಹಾವೇರಿಗೆ ಹೋಗುವ ಹಾಗೆ, ಪದವೂ ಒಂದೊಂದು ಅಕ್ಷರಕ್ಕೆ ಒಂದೊಂದು ನಿಲ್ದಾಣ ದಾಟುತ್ತ ಕೊನೆಯ ನಿಲ್ದಾಣ ತಲುಪಬೇಕು. ನಡುವೆ ದಾರಿ ಇಲ್ಲದಿದ್ದರೆ ಅದು ಪದವಲ್ಲ. ಸಾವಿರಾರು ಪದಗಳು ದಾರಿಯನ್ನು ಹಂಚಿಕೊಳ್ಳುವುದರಿಂದ ಜಾಲ ಚಿಕ್ಕದಾಗಿರುತ್ತದೆ, ಹುಡುಕಾಟ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ.

ಉಕಾರದ ಒಂದು ಕಗ್ಗಂಟು

ಕಸುಬಿನ ರುಚಿ ಸಿಗಬೇಕಾದರೆ ಒಂದು ಗಂಟನ್ನು ಹತ್ತಿರದಿಂದ ನೋಡಬೇಕು. ಊರು, ಕಾಡು, ಕಲ್ಲು, ಹೆಸರು: ಇವಕ್ಕೆ ಚತುರ್ಥಿ ಹಚ್ಚಿದರೆ ಊರಿಗೆ, ಕಾಡಿಗೆ, ಕಲ್ಲಿಗೆ, ಹೆಸರಿಗೆ. ಕೊನೆಯ ಉಕಾರ ಬಿದ್ದುಹೋಯಿತು. ಆದರೆ ಗುರು, ಮಗು, ಹಸು, ಕರು, ನಡು? ಗುರುವಿಗೆ, ಮಗುವಿಗೆ, ಹಸುವಿಗೆ, ಕರುವಿಗೆ, ನಡುವಿಗೆ. ಇಲ್ಲಿ ಉಕಾರ ಗಟ್ಟಿಯಾಗಿ ಕೂತು, ಮೇಲೆ ‘ವ್’ ಬೇರೆ ಬಂತು. ‘ಕರಿಗೆ’ ಎಂದರೆ ಅದು ಆನೆಗಾಯಿತು, ಕರುವಿಗಲ್ಲ.

ಏಕೆ ಹೀಗೆ? ಎರಡೂ ಗುಂಪುಗಳನ್ನು ಮತ್ತೊಮ್ಮೆ ಓದಿ. ಉಳಿಯುವ ಉಕಾರದ ಹಿಂದೆ ಇರುವುದು ಒಂದೇ ಒಂದು ಹ್ರಸ್ವ ಸ್ವರ, ಆಮೇಲೆ ಒಂದೇ ವ್ಯಂಜನ. ಬೀಳುವ ಉಕಾರದ ಹಿಂದೆ ದೀರ್ಘ ಸ್ವರವೋ, ಒತ್ತಕ್ಷರವೋ, ಇನ್ನೊಂದು ಅಕ್ಷರವೋ ಇದೆ. ಅಂದರೆ ಉಕಾರ ಬಿದ್ದರೆ ಪದ ತೀರಾ ಬಡಕಲಾಗುವ ಕಡೆ ಭಾಷೆ ಅದನ್ನು ಕಾಪಾಡಿಕೊಳ್ಳುತ್ತದೆ. ಇಷ್ಟನ್ನು ನಿಯಮದ ಕಡತದಲ್ಲಿ ಒಂದು ಸಾಲಿನಲ್ಲಿ ಬರೆಯಬಹುದು: ಪದದ ಆರಂಭ, ಬೇಕಿದ್ದರೆ ಒಂದು ವ್ಯಂಜನ, ಒಂದು ಹ್ರಸ್ವ ಸ್ವರ, ಒಂದು ವ್ಯಂಜನ, ಇದರ ಮುಂದಿನ ಉಕಾರವನ್ನು ಮುಟ್ಟಬೇಡ, ಉಳಿದದ್ದೆಲ್ಲ ಲೋಪ. ‘ಸಾಧು’, ‘ವಸ್ತು’ಗಳಂಥ ಸಂಸ್ಕೃತ ಪದಗಳು ಈ ನಿಯಮಕ್ಕೆ ಸಿಗದೆ ಸಾಧುವಿಗೆ, ವಸ್ತುವಿಗೆ ಎಂದೇ ಉಳಿಯುತ್ತವೆ. ಅವನ್ನು ಪದಕೋಶದಲ್ಲಿ ಬೇರೆ ವರ್ಗ ಮಾಡಿ ಇಡಬೇಕು.

ಸ್ವಾರಸ್ಯ ಇಲ್ಲಿಗೇ ಮುಗಿಯುವುದಿಲ್ಲ. ಕ್ರಿಯಾಪದಗಳ ಕಡೆ ಹೋಗಿ: ಕೊಡು-ಕೊಟ್ಟ, ಇಡು-ಇಟ್ಟ, ಬಿಡು-ಬಿಟ್ಟ, ಸುಡು-ಸುಟ್ಟ, ಉಡು-ಉಟ್ಟ, ಕೆಡು-ಕೆಟ್ಟ. ಆದರೆ ಮಾಡು-ಮಾಡಿದ, ನೋಡು-ನೋಡಿದ, ಹಾಡು-ಹಾಡಿದ, ಓಡು-ಓಡಿದ. ಮತ್ತೆ ಅದೇ ಹ್ರಸ್ವ-ದೀರ್ಘದ ಗೆರೆ! ನಾಮಪದಕ್ಕೆಂದು ಬರೆದ ಷರತ್ತೇ ಕ್ರಿಯಾಪದದ ಬಾಗಿಲನ್ನೂ ಕಾಯುತ್ತಿದೆ. ‘ಹೊರಡು-ಹೊರಟ’ ಎಂಬ ಒಂಟಿ ಪದ ಮಾತ್ರ ತನ್ನದೇ ದಾರಿ ಹಿಡಿಯುತ್ತದೆ. ದಿನವೂ ಆಡುವ ಮಾತಿನಲ್ಲಿ ಇಂಥ ಅಚ್ಚುಕಟ್ಟು ಅಡಗಿತ್ತು ಎಂಬುದು ನಿಯಮ ಬರೆಯಲು ಕೂತವರಿಗೆ ಮೊದಲು ಸಿಗುವ ಬಹುಮಾನ.

ಇನ್ನು ಅಕಾರಾಂತಗಳು. ಹೊಲ-ಹೊಲದಲ್ಲಿ, ತಮ್ಮ-ತಮ್ಮನಲ್ಲಿ. ಅಕ್ಷರ ನೋಡಿ ಇದನ್ನು ನಿರ್ಧರಿಸಲಾಗದು. ತಮ್ಮ ಮನುಷ್ಯ, ಹೊಲ ಮನುಷ್ಯನಲ್ಲ ಎಂಬ ತಿಳಿವಳಿಕೆ ಬೇಕು. ಅದು ನಿಯಮದ ಕಡತಕ್ಕೆ ಸೇರಿದ್ದಲ್ಲ, ಪದಕೋಶಕ್ಕೆ ಸೇರಿದ್ದು. ಯಾವ ಮಾಹಿತಿ ಯಾವ ಕಡತದಲ್ಲಿ ಇರಬೇಕು ಎಂದು ವಿಂಗಡಿಸುವುದರಲ್ಲೇ ಈ ಕಸುಬಿನ ಅರ್ಧ ಜಾಣತನವಿದೆ.

ಕನ್ನಡದಲ್ಲಿ ಆಗಿರುವ ಕೆಲಸ

ಕನ್ನಡಕ್ಕೆ ಇಂಥ ಯಂತ್ರ ಕಟ್ಟುವ ಕೆಲಸ ಸಾಕಷ್ಟು ಹಿಂದೆಯೇ ಶುರುವಾಗಿದೆ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ವಿನೀತ ಚೈತನ್ಯ, ರಾಜೀವ ಸಂಗಲ್ ಮೊದಲಾದವರು ‘ಅನುಸಾರಕ’ ಎಂಬ ಯೋಜನೆ ಕೈಗೆತ್ತಿಕೊಂಡರು. ಒಂದು ಭಾರತೀಯ ಭಾಷೆಯ ಬರಹವನ್ನು ಇನ್ನೊಂದು ಭಾಷೆಯವರು ಓದಿ ತಿಳಿದುಕೊಳ್ಳುವಂತೆ ಮಾಡುವ ತಂತ್ರಾಂಶ ಅದು. ಕನ್ನಡದಿಂದ ಹಿಂದಿಗೆ ಸೇತುವೆ ಕಟ್ಟುವುದು ಅದರ ಮೊದಲ ಕೆಲಸಗಳಲ್ಲಿ ಒಂದು. ಅವರು ಹಿಡಿದದ್ದು ಮಾದರಿ ಪದಗಳ ದಾರಿ: ‘ಮರ’ ಶಬ್ದದ ಎಲ್ಲ ರೂಪಗಳನ್ನು ಒಮ್ಮೆ ಬರೆದುಕೊಟ್ಟು, ಆಮೇಲೆ ‘ಹೊಲ’ ಮರದಂತೆ, ‘ಪುಸ್ತಕ’ ಮರದಂತೆ ಎಂದು ಹೇಳುತ್ತ ಹೋಗುವುದು. ರಾಮ ಶಬ್ದ ಬಾಯಿಪಾಠ ಮಾಡಿ ಉಳಿದ ಅಕಾರಾಂತಗಳನ್ನು ‘ರಾಮವತ್’ ಎಂದು ಮುಗಿಸುತ್ತಿದ್ದ ಸಂಸ್ಕೃತ ಪಾಠಶಾಲೆಯ ಪದ್ಧತಿ ಇದು. ಈ ಬಳಗ ಹೊರತಂದ ಪುಸ್ತಕ 1995ರದ್ದು, ಅದರ ಹೆಸರಿನಲ್ಲಿಯೇ ಪಾಣಿನಿ ಇದ್ದಾನೆ. ಅನುಸಾರಕವನ್ನು ಅವರು ಮುಕ್ತ ಪರವಾನಗಿಯಲ್ಲಿ ಹಂಚಿದರು.

ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಕವಿ ನಾರಾಯಣಮೂರ್ತಿಯವರು ಕನ್ನಡ ಪದರಚನೆಗೆ ಜಾಲದ ಮಾದರಿಯೊಂದನ್ನು ಕಟ್ಟಿದರು. 2007ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಟಿ.ಎನ್. ವಿಕ್ರಮ್ ಮತ್ತು ಶಾಲಿನಿ ಅರಸ್ ಒಂದು ಮೊದಲ ಮಾದರಿಯನ್ನು ಪ್ರಕಟಿಸಿದರು. ಅದು ಗರಿಷ್ಠ 500 ನಾಮ-ಕ್ರಿಯಾ ಪ್ರಕೃತಿಗಳಿಗೆ ಸೀಮಿತವಾಗಿತ್ತು, ಸಮಾಸಗಳನ್ನು ಬಿಡಿಸುತ್ತಿರಲಿಲ್ಲ, ಹಾಗೆಂದು ಅವರೇ ಸ್ಪಷ್ಟವಾಗಿ ಬರೆದರು. 2011ರಲ್ಲಿ ಕೊಯಮತ್ತೂರಿನ ಅಮೃತ ವಿಶ್ವವಿದ್ಯಾಪೀಠದ ತಂಡ ನಿಯಮಾಧಾರಿತ ಕನ್ನಡ ವಿಶ್ಲೇಷಕದ ಬಗ್ಗೆ ಪ್ರಬಂಧ ಪ್ರಕಟಿಸಿತು. ಪಕ್ಕದ ಮಲಯಾಳಕ್ಕೆ ಸಂತೋಷ್ ತೊಟ್ಟಿಂಗಲ್ ಮುಕ್ತ ವಿಶ್ಲೇಷಕ ಕಟ್ಟಿದ್ದಾರೆ. ತಮಿಳಿಗೆ ಸರ್ವೇಶ್ವರನ್ ಅವರ ‘ತಮಿಳಿಮಾರ್ಫ್’ ಇದೆ, ಅದು ಫೋಮದ ಮೇಲೆಯೇ ನಿಂತಿದೆ.

ಪದಕೋಶದ ಕಚ್ಚಾ ಸಾಮಗ್ರಿಗೂ ಬರವಿಲ್ಲ. 1894ರ ಕಿಟೆಲ್ ನಿಘಂಟು ಇದೆ. ಹುಬ್ಬಳ್ಳಿ-ಧಾರವಾಡದ ಮಾತು ಕಿವಿಯಾರೆ ಕೇಳಿದ ಪಾದ್ರಿ ಆತ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂತು. ಅದರಲ್ಲಿ ಒಂದೂವರೆ ಲಕ್ಷದಷ್ಟು ಮೂಲಪದಗಳಿವೆ.

ಇಲ್ಲೊಂದು ಲಿಪಿಯ ತೊಡಕು ಬರುತ್ತದೆ. ‘ಊರು’ ಎಂಬಲ್ಲಿ ಉಕಾರ ಕೊಂಬಾಗಿ ಕಾಣುತ್ತದೆ, ‘ಊರಲ್ಲಿ’ ಎಂಬಲ್ಲಿನ ಅಕಾರಕ್ಕೆ ಗುರುತೇ ಇಲ್ಲ, ಅದು ‘ರ’ದೊಳಗೇ ಇದೆ. ನಮ್ಮ ನಿಯಮಗಳೆಲ್ಲ ಧ್ವನಿಗಳ ಬಗ್ಗೆ, ನಮ್ಮ ಲಿಪಿ ಅಕ್ಷರಗಳ ಬಗ್ಗೆ. ಆದ್ದರಿಂದ ಅನುಸಾರಕದವರು ಬಳಸಿದ ಡಬ್ಲ್ಯುಎಕ್ಸ್ ಎಂಬ ರೋಮನ್ ಲಿಪ್ಯಂತರದಂಥ ಒಂದು ಪದ್ಧತಿಗೆ ಮೊದಲು ಪದವನ್ನು ತಿರುಗಿಸಿ, ಕೆಲಸ ಮುಗಿಸಿ, ಮತ್ತೆ ಕನ್ನಡಕ್ಕೆ ತರುವುದು ರೂಢಿ. ಅದನ್ನೂ ಫೋಮದ ನಿಯಮಗಳಲ್ಲೇ ಬರೆಯಬಹುದು. ಯೂನಿಕೋಡಿನಲ್ಲಿ ‘ೊ’ ಒಂದೇ ಸಂಕೇತವಾಗಿಯೂ ಇರಬಹುದು, ‘ೆ’ ಮತ್ತು ‘ೂ’ ಸೇರಿಯೂ ಆಗಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಇವನ್ನು ಮೊದಲೇ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ನಿಯಮ ಸರಿಯಿದ್ದೂ ಪದ ಸಿಗುವುದಿಲ್ಲ.

ಶಿಗ್ಗಾಂವಿ ಸೀಮೆಯ ಕಡತ

ಈಗ ಹಿರೇಬೆಂಡಿಗೇರಿಯ ಮಾತಿಗೆ ಬರೋಣ. ಇಲ್ಲಿ ಸಪ್ತಮಿಗೆ ‘ಅಲ್ಲಿ’ಗಿಂತ ‘ಆಗ’ ಬಳಕೆ ಹೆಚ್ಚು. ಊರಾಗ, ಹೊಲದಾಗ, ಹಬ್ಬದಾಗ. ಬರಹದ ‘ಮನೆ’, ‘ಕೆರೆ’ಗಳು ಇಲ್ಲಿ ‘ಮನಿ’, ‘ಕೆರಿ’. ಇವಕ್ಕೆ ‘ಆಗ’ ಸೇರಿದರೆ ಮನ್ಯಾಗ, ಕೆರ್‍ಯಾಗ. ಸಾಲುಗಳನ್ನು ಎದುರುಬದುರು ನಿಲ್ಲಿಸಿ ನೋಡಿ:

ಮೇಲೆ: ಮ್ ಅ ನ್ ಇ + ಆ ಗ್ ಅ
ಕೆಳಗೆ: ಮ್ ಅ ನ್ ಯ್ 0 ಆ ಗ್ ಅ

‘ಮನೆಯಲ್ಲಿ’ ಎಂಬಲ್ಲಿ ‘ಯ್’ ಹೊಸದಾಗಿ ಬಂದಿತ್ತು, ಅದು ಆಗಮ. ಇಲ್ಲಿ ಇಕಾರವೇ ‘ಯ್’ ಆಗಿದೆ, ಇದು ಆದೇಶ. ಶಾಲೆಯ ಪುಸ್ತಕದಲ್ಲಿ ‘ಅತಿ + ಅಂತ = ಅತ್ಯಂತ’ ಎಂದು ಕಲಿಸುವ ಯಣ್ ಸಂಧಿಯನ್ನು ಸಂಸ್ಕೃತ ಸಂಧಿಗಳ ಸಾಲಿನಲ್ಲಿ ಇಡುತ್ತಾರೆ. ಹಾವೇರಿ ಜಿಲ್ಲೆಯ ಜನ ಅದೇ ನಡೆಯನ್ನು ಅಚ್ಚಗನ್ನಡದ ಮನಿಗೂ ಕೆರಿಗೂ ಹಚ್ಚಿ ದಿನವೂ ಆಡುತ್ತಿದ್ದಾರೆ. ಮಾಡ್ಯಾರ, ಹೋಗ್ಯಾರ ಎಂಬ ಕ್ರಿಯಾಪದಗಳಲ್ಲಿಯೂ ಅದೇ ಯಕಾರ ಕೇಳಿಸುತ್ತದೆ. ಆಡುಮಾತು ಬರಹದ ಕೆಟ್ಟುಹೋದ ರೂಪ ಎಂದು ತಿಳಿದವರು ಈ ಕಡತವನ್ನು ಒಮ್ಮೆ ಬರೆಯಬೇಕು. ಅಲ್ಲಿರುವುದು ಬೇರೆಯದೇ ನಿಯಮ, ಬರಹದಷ್ಟೇ ಬಿಗಿಯಾದದ್ದು.

ಗೌರವದ ‘ರಿ’ ಇನ್ನೊಂದು ಸೊಗಸು. ಏನ್ರಿ, ಹೌದ್ರಿ, ಇಲ್ರಿ, ಮನ್ಯಾಗ್ರಿ. ನಾಮಪದ, ಕ್ರಿಯಾಪದ, ಅವ್ಯಯ ಎಂಬ ಭೇದವಿಲ್ಲದೆ ಎಲ್ಲದರ ಕೊನೆಗೂ ಹತ್ತುತ್ತದೆ, ಹತ್ತುವಾಗ ಹಿಂದಿನ ಸ್ವರವನ್ನು ನುಂಗುತ್ತದೆ. ‘ಇಲ್ಲ’ದ ಒತ್ತನ್ನೂ ಬಿಡಿಸಿಬಿಡುತ್ತದೆ. ಜಾಲದಲ್ಲಿ ಇದಕ್ಕೆ ಎಲ್ಲ ದಾರಿಗಳೂ ಕೂಡುವ ಕೊನೆಯ ನಿಲ್ದಾಣದ ಹತ್ತಿರ ಜಾಗ ಕೊಡಬೇಕು. ಒಮ್ಮೆ ಬರೆದರೆ ಪದಕೋಶದ ಎಲ್ಲ ಪದಗಳಿಗೂ ಗೌರವ ಬಂದ ಹಾಗೆ.

ಕಡತಗಳು ಸಿದ್ಧವಾದ ಮೇಲೆ ಫೋಮದಲ್ಲಿ ಎರಡು ಆಜ್ಞೆ ಸಾಕು: ‘ಅಪ್’ ಮತ್ತು ‘ಡೌನ್’. ‘ಅಪ್’ ಎಂದು ಪದ ಕೊಟ್ಟರೆ ಬಿಡಿಸುತ್ತದೆ, ‘ಡೌನ್’ ಎಂದು ಬಿಡಿಭಾಗ ಕೊಟ್ಟರೆ ಕಟ್ಟುತ್ತದೆ. ಆಜ್ಞೆಗಳು ಇಂಗ್ಲಿಷಿನಲ್ಲಿರುತ್ತವೆ, ಗುರುತುಗಳನ್ನು ನಾವು ಕನ್ನಡದಲ್ಲೇ ಇಟ್ಟುಕೊಳ್ಳಬಹುದು:

ಅಪ್ ಮನ್ಯಾಗ್ರಿ: ಮನಿ + ನಾಮ + ಏಕವಚನ + ಸಪ್ತಮಿ + ಗೌರವ
ಡೌನ್ ಕೆರಿ + ನಾಮ + ಏಕವಚನ + ಸಪ್ತಮಿ: ಕೆರ್‍ಯಾಗ
ಅಪ್ ಕಾಡಿಗೆ: ಕಾಡು + ನಾಮ + ಏಕವಚನ + ಚತುರ್ಥಿ, ಕಾಡಿಗೆ + ನಾಮ + ಏಕವಚನ + ಪ್ರಥಮ

ಕೊನೆಯದಕ್ಕೆ ಎರಡು ಉತ್ತರ ಬಂದದ್ದು ಗಮನಿಸಿ. ಅಡವಿಗೆ ಹೋಗುವ ಕಾಡಿಗೆ ಒಂದು, ಕಣ್ಣಿಗೆ ಹಚ್ಚುವ ಕಾಡಿಗೆ ಇನ್ನೊಂದು. ‘ಬಂದರು’ ಎಂದರೂ ಹಾಗೆಯೇ: ಬಂದವರು ಒಂದು ಕಡೆ, ಹಡಗು ನಿಲ್ಲುವ ಜಾಗ ಇನ್ನೊಂದು ಕಡೆ. ಯಂತ್ರ ಎರಡನ್ನೂ ಮುಂದಿಟ್ಟು ಸುಮ್ಮನಾಗುತ್ತದೆ. ವಾಕ್ಯ ನೋಡಿ ಆರಿಸುವುದು ಮುಂದಿನ ಹಂತದ ಕೆಲಸ.

ಪಠ್ಯವಿಲ್ಲದ ಮಾತಿಗೆ ಇದೇ ಏಕೆ

ನಿಯಮ ಬರೆಯದೆಯೂ ಪದ ಬಿಡಿಸುವ ಪುಕ್ಕಟೆ ತಂತ್ರಾಂಶಗಳಿವೆ. ಶಿಕಾಗೊ ವಿಶ್ವವಿದ್ಯಾಲಯದ ಜಾನ್ ಗೋಲ್ಡ್‌ಸ್ಮಿತ್ ಮಾಡಿದ ‘ಲಿಂಗ್ವಿಸ್ಟಿಕ’, ಫಿನ್‌ಲೆಂಡಿನ ‘ಮಾರ್ಫೆಸರ್’ ಅಂಥವು. ಒಂದು ರಾಶಿ ಬರಹ ಸುರಿದರೆ ಸಾಕು, ಮತ್ತೆ ಮತ್ತೆ ಬರುವ ತುಂಡುಗಳನ್ನು ಕಂಡುಹಿಡಿದು, ಒಟ್ಟು ಪಟ್ಟಿ ಆದಷ್ಟು ಚಿಕ್ಕದಾಗುವಂತೆ ಪದಗಳನ್ನು ಕತ್ತರಿಸುತ್ತವೆ. ‘ಗಳು’, ‘ಇಂದ’, ‘ಅಲ್ಲಿ’ಗಳನ್ನು ಅವು ತಾವಾಗಿಯೇ ಪತ್ತೆ ಹಚ್ಚುವುದು ಸೋಜಿಗವೇ. ಇಂದಿನ ದೊಡ್ಡ ಭಾಷಾ ಮಾದರಿಗಳೂ ಪದಗಳನ್ನು ತುಂಡು ಮಾಡಿಯೇ ಓದುವುದು, ಆದರೆ ಅವು ಕತ್ತರಿಸುವುದು ಎಣಿಕೆ ನೋಡಿ. ಪ್ರಕೃತಿ ಎಲ್ಲಿ ಮುಗಿಯಿತು ಎಂಬ ಗೊಡವೆ ಅವಕ್ಕಿಲ್ಲ.

ಇವಕ್ಕೆಲ್ಲ ಬೇಕಾದದ್ದು ಅಚ್ಚಾದ ಬರಹದ ರಾಶಿ. ‘ಮನ್ಯಾಗ’, ‘ಬರಾಕತ್ತಾನ’ ಎಂದು ಅಚ್ಚು ಮಾಡುವ ಪತ್ರಿಕೆ ಎಲ್ಲಿದೆ? ಕಥೆ-ಕಾದಂಬರಿಯ ಸಂಭಾಷಣೆಯಲ್ಲಿ, ಸಣ್ಣಾಟಗಳಲ್ಲಿ, ಈಚೆಗೆ ಮೊಬೈಲಿನ ಸಂದೇಶಗಳಲ್ಲಿ ಸಿಗುವಷ್ಟೇ. ಅಲ್ಲಿಯೂ ಒಬ್ಬರು ‘ಕೆರ್‍ಯಾಗ’ ಎಂದು ಬರೆದರೆ ಇನ್ನೊಬ್ಬರು ಅರ್ಕಾವತ್ತು ಹಾಕಿ ‘ಕೆರ್ಯಾಗ’ ಎನ್ನುತ್ತಾರೆ. ಬರಹ ಕಡಿಮೆ ಇರುವ ಮಾತಿಗೆ ಎಣಿಕೆಯ ಯಂತ್ರ ಕೈಕೊಡುತ್ತದೆ, ನಿಯಮದ ಯಂತ್ರ ಕೈಹಿಡಿಯುತ್ತದೆ. ಅದಕ್ಕೆ ಬರಹದ ರಾಶಿ ಬೇಡ, ಮಾತು ಬಲ್ಲ ಒಬ್ಬ ಮನುಷ್ಯ ಬೇಕು.

ಇದಕ್ಕೆ ಲೋಕದಲ್ಲಿ ಗಟ್ಟಿ ಸಾಕ್ಷಿಯಿದೆ. ನಾರ್ವೆಯ ಟ್ರೊಮ್ಸೊ ವಿಶ್ವವಿದ್ಯಾಲಯದವರು ಉತ್ತರ ಧ್ರುವದ ಕಡೆಯ ಸಾಮಿ ಭಾಷೆಗಳಿಗೆ ಇದೇ ಎರಡು ಕಡತಗಳ ಹಾದಿಯಲ್ಲಿ ವಿಶ್ಲೇಷಕ, ಕಾಗುಣಿತ ಪರೀಕ್ಷಕಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ಇನಾರಿ ಸಾಮಿ ಕೆಲವೇ ನೂರು ಜನ ಆಡುವ ಭಾಷೆ. ಕೋಟಿಗಟ್ಟಲೆ ಜನರ ಕನ್ನಡದ ಒಂದು ಸೀಮೆಯ ನುಡಿಗೆ ಅದು ಅಸಾಧ್ಯವೆನ್ನಲು ಕಾರಣವಿಲ್ಲ.

ಉಪಯೋಗ ಏನು ಎಂದು ಕೇಳುವವರಿಗೆ ಉತ್ತರ ಶಿಗ್ಗಾಂವಿ ತಾಲೂಕಿನಲ್ಲೇ ಇದೆ. ಶಿಶುನಾಳ ಶರೀಫರ ಶಿಶುವಿನಹಾಳ ಈ ತಾಲೂಕಿನದು, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಇಲ್ಲಿಯದೇ. ತತ್ವಪದ, ಸೋಬಾನೆ, ಲಾವಣಿಗಳ ಸಂಗ್ರಹ ಗಣಕಕ್ಕೆ ಏರಿದ ಮೇಲೆ, ಕೆರೆಯ ಬಗ್ಗೆ ಹಾಡು ಹುಡುಕುವವರು ‘ಕೆರೆ’ ಎಂದು ಒತ್ತಿದರೆ ‘ಕೆರ್‍ಯಾಗ’, ‘ಕೆರೀ ಮ್ಯಾಲ’ ಇರುವ ಹಾಡುಗಳೂ ಬರಬೇಕಲ್ಲ? ಪದವಿಶ್ಲೇಷಕವಿಲ್ಲದೆ ಅದು ಆಗದು. ಕಾಗುಣಿತ ತಿದ್ದುವ ಕೆಲಸಕ್ಕೂ ಇದೇ ತಳಹದಿ. ಲಿಬ್ರೆಆಫೀಸ್‌ನಲ್ಲಿ ಬಳಕೆಯಾಗುವ ಹನ್‌ಸ್ಪೆಲ್ ಎರಡು ಹಂತದವರೆಗೆ ಮಾತ್ರ ಪ್ರತ್ಯಯ ಬಿಡಿಸುತ್ತದೆ. ನಾಲ್ಕೈದು ಹಂತ ಏರುವ ಕನ್ನಡದ ಕ್ರಿಯಾಪದಕ್ಕೆ ಅದು ಸಾಲದು.

ಕೆಲಸದ ಕ್ರಮವೂ ಸರಳ. ಮೊದಲು ಹತ್ತಿಪ್ಪತ್ತು ನಾಮಪದ, ಒಂದೇ ವಿಭಕ್ತಿ, ಎರಡೋ ಮೂರೋ ನಿಯಮ. ಓಡಿಸಿ ನೋಡುವುದು. ‘ಊರುಆಗ’ ಎಂದು ತಪ್ಪು ರೂಪ ಹೊರಬಿದ್ದರೆ ಲೋಪದ ನಿಯಮ ಬಿಗಿ ಮಾಡುವುದು. ‘ಗುರಾಗ’ ಬಂದರೆ ಹ್ರಸ್ವದ ಷರತ್ತು ಸೇರಿಸುವುದು. ಹೀಗೆ ಒಂದೊಂದೇ ವಿಭಕ್ತಿ, ಒಂದೊಂದೇ ವರ್ಗ. ಇಂಥ ಕಡತ ನಾಲ್ಕು ಜನ ನೋಡುವಂತೆ ತೆರೆದಿಟ್ಟರೆ, ಹಾನಗಲ್ಲಿನವರು ತಮ್ಮ ಕಡೆಯ ರೂಪ ಬೇರೆ ಎಂದು ಒಂದು ಸಾಲು ಸೇರಿಸಬಹುದು, ಹಿರೇಕೆರೂರಿನವರು ಇನ್ನೊಂದು ಸಾಲು. ಯಾವ ಸಾಲನ್ನು ಯಾರು, ಏಕೆ ಬರೆದರು ಎಂಬುದು ಎಲ್ಲರಿಗೂ ಕಾಣುತ್ತದೆ. ತಪ್ಪಿದ್ದರೆ ತಪ್ಪು ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಲಕ್ಷಾಂತರ ಪುಟ ನುಂಗಿದ ಮಾದರಿಗಳಲ್ಲಿ ಈ ಅನುಕೂಲವಿಲ್ಲ.

ಈ ಯಂತ್ರದ್ದು ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ಹಿಡಿಸುತ್ತದೆ. ಗೊತ್ತಿಲ್ಲದ ಪದ ಕೊಟ್ಟರೆ ಫೋಮ ಊಹೆ ಮಾಡುವುದಿಲ್ಲ, ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿ ನಿಲ್ಲುತ್ತದೆ. ಒಂದು ಲಾವಣಿಯನ್ನೋ ಸಣ್ಣಾಟದ ಒಂದು ಪುಟವನ್ನೋ ಅದಕ್ಕೆ ಕೊಟ್ಟು, ಪ್ರಶ್ನೆ ಬಿದ್ದ ಪದಗಳನ್ನೆಲ್ಲ ಬೇರೆ ಬರೆದಿಟ್ಟುಕೊಂಡರೆ ಸಿಗುವ ಪಟ್ಟಿಯಲ್ಲಿ ಒಂದಷ್ಟು ಅಚ್ಚಿನ ತಪ್ಪು, ಒಂದಷ್ಟು ಬಿಟ್ಟುಹೋದ ನಿಯಮ, ಒಂದಷ್ಟು ಕಿಟೆಲ್ ನಿಘಂಟಿನಲ್ಲೂ ಸಿಗದ ಈ ಸೀಮೆಯ ಪದಗಳು ಇರುತ್ತವೆ. ಆ ಪಟ್ಟಿಯನ್ನು ಹಿಡಿದು ಊರ ಹಿರಿಯರ ಹತ್ತಿರ ಹೋಗಿ ‘ಇದಕ್ಕ ಏನಂತಾರ್‍ರೀ?’ ಎಂದು ಕೇಳುವುದು ಯಂತ್ರದಿಂದ ಆಗುವ ಕೆಲಸವಲ್ಲ. ಯಾರನ್ನು, ಏನನ್ನು ಕೇಳಬೇಕು ಎಂಬ ಪಟ್ಟಿಯನ್ನು ಮಾತ್ರ ಅದು ಅಚ್ಚುಕಟ್ಟಾಗಿ ಮಾಡಿಕೊಡುತ್ತದೆ.